ಗುಜರಿ ಅಂಗಳದ ಲೆಕ್ಕ

ನಮ್ಮ ನೀರಿನ ಮಂಡಳಿಯ ಆರೋಗ್ಯ ತಪಾಸಣೆಗೆಂದು ಸರ್ಕಾರ ಒಬ್ಬರನ್ನು ಕಳಿಸಿತ್ತು. ನೀರಿನ ಆರೋಗ್ಯವಲ್ಲ, ಹಣಕಾಸಿನದು. ಮಂಡಳಿ ಸರ್ಕಾರದ್ದೇ. ಅದು ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದೋ ಇಲ್ಲವೋ ಎಂದು ನೋಡಿ, ಎ ಯಿಂದ ಡಿ ವರೆಗೆ ಒಂದು ದರ್ಜೆ ಕೊಡುವುದು ಅವರ ಕೆಲಸ. ಡಿ ಬಂದರೆ ಮಂಡಳಿಯನ್ನು ಮೂವತ್ತು ವರ್ಷಕ್ಕೆ ಯಾವುದೋ ಕಂಪನಿಗೆ ಗುತ್ತಿಗೆ ಕೊಡುತ್ತಾರಂತೆ, ಇನ್ನೂರ ಹನ್ನೆರಡು ಜನರೂ ಮನೆಗೆ ಹೋಗುವುದಂತೆ ಎಂಬ ಸುದ್ದಿ ಅವರಿಗಿಂತ ಒಂದು ವಾರ ಮೊದಲೇ ಬಂದು ಕೂತಿತ್ತು. ಬಿಲ್ ಕೌಂಟರಿನವರು ಮೊದಲ ದಿನವೇ ಅವರಿಗೆ ನಾಡಿ ಸಾಹೇಬರು ಎಂದು ಹೆಸರಿಟ್ಟರು.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಬಾಟಲಿ. ಮನುಷ್ಯ ಎಲ್ಲಿ ಹೋದರೂ ಕಂಕುಳಲ್ಲಿ ಅಂಗಡಿಯಿಂದ ಕೊಂಡ ನೀರಿನ ಬಾಟಲಿ. ನೀರಿನ ಮಂಡಳಿಯ ಕಚೇರಿಯಲ್ಲಿ ಕೂತು, ಮಂಡಳಿಯ ಲೆಕ್ಕ ನೋಡುತ್ತಾ, ಹೊರಗಿನ ನೀರು ಕುಡಿಯುವವರಿಗೆ ನಾನು ಮರ್ಯಾದೆ ಕೊಡಬೇಕೇ? ಮೂರು ದಿನ ಅವರ ಬಾಟಲಿಯನ್ನು ದುರುಗುಟ್ಟಿ ನೋಡಿದೆ. ಅವರಿಗೆ ಗೊತ್ತೇ ಆಗಲಿಲ್ಲ, ಅದೊಂದು ಬೇರೆ ಸಿಟ್ಟು.

ನಾನು ಇಲ್ಲಿ ಸ್ಟೋರ್ ಕೀಪರ್. ಪೈಪು, ವಾಲ್ವು, ಬೋಲ್ಟು, ನಲ್ಲಿ ಎಲ್ಲದರ ಬೀಗದ ಕೈ ನನ್ನದು. ಹತ್ತೊಂಬತ್ತು ವರ್ಷದಿಂದ ಎಲ್ಲರಿಗೂ ಸ್ಟೋರಕ್ಕ. ವಯಸ್ಸಿನಲ್ಲಿ ನನಗಿಂತ ದೊಡ್ಡವರೂ ಅಕ್ಕ ಎನ್ನುತ್ತಾರೆ, ಪ್ರೀತಿಗಲ್ಲ, ಬೈಸಿಕೊಳ್ಳುವ ಭಯಕ್ಕೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು.

ನಾಲ್ಕನೇ ದಿನ ಸಾಹೇಬರು ಸ್ಟೋರಿಗೆ ಬಂದರು. ನಲವತ್ತು ದಾಟಿದ ಮನುಷ್ಯ, ಸಣ್ಣ ದನಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಕಪಾಟುಗಳನ್ನು ನೋಡಿದರು, ತೂಕದ ಯಂತ್ರ ನೋಡಿದರು, ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದ ಹಳದಿ ಬಣ್ಣಕ್ಕೆ ತಿರುಗಿದ ಒಂದು ಚೀಟಿಯನ್ನೂ ಬಗ್ಗಿ ನೋಡಿದರು. ಆಮೇಲೆ ರಿಜಿಸ್ಟರ್ ತೆಗೆದರು.

“ಅಮ್ಮ, ಇದರ ಪ್ರಕಾರ ನಿಮ್ಮ ಹತ್ರ ಹದಿನಾಲ್ಕು ಪೈಪು, ಆರು ವಾಲ್ವು. ಅಷ್ಟೇನಾ?”

“ಅಷ್ಟೇ ಸಾರ್. ಬಂದ ದಿನವೇ ದುರಸ್ತಿಗೆ ಹೋಗ್ಬಿಡತ್ತೆ.”

“ಊರಲ್ಲಿ ಪೈಪು ಅಷ್ಟೊಂದು ಒಡೆಯತ್ತಾ?”

“ಹಳೇ ಪೈಪು ಸಾರ್. ಮುಟ್ಟಿದ್ರೆ ಮುನಿಸು.”

“ಆ ಹಿಂದಿನ ಬಾಗಿಲ ಆಚೆ ಏನಿದೆ?”

“ಗುಜರಿ. ಆಳೆತ್ತರ ಹುಲ್ಲು ಬೆಳೆದಿದೆ. ಹಾವು ಬೇರೆ ಇದೆ.”

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಎಲ್ಲರೂ ಸರಿಯುತ್ತಾರೆ. ಅಲ್ಲಿ ಹಾವು ಇರಲಿಲ್ಲ, ಯಾವತ್ತೂ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಅದನ್ನು ನಾನೇ ಬಾಯಲ್ಲಿ ಸಾಕಿಕೊಂಡು ಬಂದಿದ್ದೆ. ಆಡಿಟ್‌ನವರು ಬಂದಾಗಲೆಲ್ಲ ಅದು ಒಂದು ಮೊಳ ಬೆಳೆಯುತ್ತಿತ್ತು.

ಆ ಬಾಗಿಲ ಆಚೆ ಇದ್ದದ್ದು ಮುನ್ನೂರ ಹತ್ತು ಹೊಸ ಪೈಪು, ಎಂಬತ್ತೇಳು ವಾಲ್ವು, ಗೋಣಿಯಲ್ಲಿ ಸುತ್ತಿದ ಬೋಲ್ಟುಗಳು, ರಬ್ಬರ್ ಉಂಗುರಗಳು. ಎಲ್ಲಕ್ಕೂ ವರ್ಷಕ್ಕೊಮ್ಮೆ ಎಣ್ಣೆ ಸವರುತ್ತಿದ್ದೆ. ಕಾಗದದಲ್ಲಿ ಅವು ಯಾವುದೂ ಇರಲಿಲ್ಲ. ಇದನ್ನು ಹೇಳಬೇಕಾದರೆ ನನ್ನ ಗಂಡನ ವಿಷಯ ಹೇಳಬೇಕು.

ಅವರು ಇದೇ ಮಂಡಳಿಯಲ್ಲಿ ಫಿಟ್ಟರ್ ಆಗಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಕೇಂದ್ರ ಕಚೇರಿಯವರು ರಿಜಿಸ್ಟರ್ ನೋಡಿ, ನಿಮ್ಮಲ್ಲಿ ದಾಸ್ತಾನು ಹೆಚ್ಚಾಗಿದೆ ಎಂದು ಕಾಗದ ಬರೆದು, ನಾಲ್ಕು ಲಾರಿ ತಂದು ಎಲ್ಲವನ್ನೂ ಬೇರೆ ಊರಿಗೆ ಹೊತ್ತುಕೊಂಡು ಹೋದರು. ಮೂರು ವಾರ ಕಳೆದಿರಲಿಲ್ಲ, ಪಂಪ್ ಹೌಸ್ ಮುಂದಿನ ದೊಡ್ಡ ಪೈಪು ಒಡೆಯಿತು. ಒಡೆದ ಪೈಪಿನ ಸುತ್ತ ಹಾಕಿ ಬಿಗಿಯುವ ಕಬ್ಬಿಣದ ಪಟ್ಟಿಗೆ ಫಿಟ್ಟರುಗಳು ಕಾಲರ್ ಎನ್ನುತ್ತಾರೆ. ಅಂಥದ್ದು ಒಂದೇ ಒಂದು ಸಾಕಿತ್ತು. ನನ್ನ ಗಂಡ ಸ್ಟೋರಿಗೆ ಚೀಟಿ ಬರೆದುಕೊಟ್ಟರು: “ದೊಡ್ಡ ಕಾಲರ್ ಒಂದು, ತುರ್ತು.” ಅದರ ಕೆಳಗೆ ಆಗಿನ ಗುಮಾಸ್ತರು ಬರೆದರು: “ದಾಸ್ತಾನು ಇಲ್ಲ.” ರಬ್ಬರು, ತಗಡು, ತಂತಿ ಕಟ್ಟಿ ತೇಪೆ ಹಾಕುತ್ತಾ ಎಂಟು ದಿನ ಆ ಗುಂಡಿಯಲ್ಲಿ ಇಳಿದು ಹತ್ತಿ ಮಾಡಿದರು. ಒಂಬತ್ತನೇ ದಿನ ತೇಪೆ ಸಿಡಿದು, ನೆನೆದ ಮಣ್ಣು ಅವರ ಮೇಲೆ ಕುಸಿಯಿತು. ಊರಿಗೆ ಹನ್ನೊಂದು ದಿನ ನೀರಿರಲಿಲ್ಲ. ನಮ್ಮ ಮನೆಗೆ ಅವರು ಮತ್ತೆ ಬರಲಿಲ್ಲ.

ಮಂಡಳಿಯವರು ನನ್ನ ಕೈ ಬಿಡಲಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಎರಡೇ ತಿಂಗಳಲ್ಲಿ ಸ್ಟೋರಿನಲ್ಲಿ ಕೆಲಸ ಕೊಟ್ಟರು. ಒಬ್ಬ ಬಿಲ್ ಕಲೆಕ್ಟರು ಮಧ್ಯಾಹ್ನದ ಊಟದ ಹೊತ್ತು ಬಿಟ್ಟು ನನಗೆ ರಿಜಿಸ್ಟರ್ ಬರೆಯುವುದನ್ನು ಕಲಿಸಿದರು. ಫಿಟ್ಟರುಗಳು ತಮ್ಮ ತಮ್ಮಲ್ಲೇ ಕೂಡಿಸಿ ನನ್ನ ಮಗಳು ಹೈಸ್ಕೂಲು ಮುಗಿಸುವವರೆಗೆ ಫೀಸು ಕಟ್ಟಿದರು. ಯಾರು ಎಷ್ಟು ಹಾಕಿದರು ಎಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅವಳು ಈಗ ಅದೇ ಪಂಪ್ ಹೌಸಿನಲ್ಲಿ ಆಪರೇಟರ್. ನಮ್ಮಿಬ್ಬರ ಅನ್ನ, ಬಟ್ಟೆ, ಮೇಲಿನ ಸೂರು ಎಲ್ಲ ಈ ಮಂಡಳಿಯದು.

ಹಾಗಾಗಿ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನಾನು ನಿರ್ಧಾರ ಮಾಡಿದೆ. ಕಾಗದದಲ್ಲಿ ಕಂಡರೆ ತಾನೇ ಲಾರಿ ಬರುವುದು? ಸಾಮಾನು ಬಂದ ದಿನವೇ “ದುರಸ್ತಿಗೆ ಬಳಸಲಾಗಿದೆ” ಎಂದು ಬರೆದು, ಹಿಂದಿನ ಅಂಗಳಕ್ಕೆ ಉರುಳಿಸಿಬಿಡುತ್ತಿದ್ದೆ. ಬೇಕಾದದ್ದಕ್ಕಿಂತ ಹೆಚ್ಚೇ ತರಿಸುತ್ತಿದ್ದೆ. ಎರಡು ಮೂರು ವರ್ಷಕ್ಕೊಬ್ಬರು ಬದಲಾಗುವ ಇಂಜಿನಿಯರುಗಳು ಸಹಿ ಹಾಕುತ್ತಿದ್ದರು. ಫಿಟ್ಟರುಗಳಿಗೆ ಗೊತ್ತಿತ್ತು, ಅವರ ಬಾಯಿ ಬಿಗಿ. ನನಗೆಂದೇ ಒಂದು ನೋಟ್‌ಬುಕ್ಕಿತ್ತು, ಮಗಳ ಶಾಲೆಯದು, ಅರ್ಧ ಖಾಲಿ ಉಳಿದದ್ದು. ಅದರಲ್ಲಿ ಪ್ರತಿ ಪೈಪಿನ ನಿಜವಾದ ಲೆಕ್ಕ ಇತ್ತು. ನಾನು ಮೊದಲು ತರಿಸಿದ್ದು ಒಂದು ದೊಡ್ಡ ಕಾಲರ್. ಅದನ್ನು ಅಂಗಳಕ್ಕೆ ಹಾಕದೆ ನನ್ನ ಕಪಾಟಿನ ಹಿಂದೆ, ಬಟ್ಟೆ ಹೊದಿಸಿ ಇಟ್ಟಿದ್ದೆ.

ಹತ್ತನೇ ದಿನ ದೊಡ್ಡ ಇಂಜಿನಿಯರ ಕೋಣೆಯಲ್ಲಿ ಸಭೆ. ಪ್ರತಿ ವಿಭಾಗದಿಂದ ಒಬ್ಬೊಬ್ಬರು. ನಾಡಿ ಸಾಹೇಬರು ಬಾಟಲಿ ಪಕ್ಕಕ್ಕಿಟ್ಟು, ಕನ್ನಡಕ ಒರೆಸಿಕೊಂಡು ಶುರು ಮಾಡಿದರು.

“ಬಿಲ್ ವಸೂಲಿ ಚೆನ್ನಾಗಿದೆ. ಕರೆಂಟ್ ಖರ್ಚು ಹಿಡಿತದಲ್ಲಿದೆ. ಸಂಬಳದ ಖರ್ಚೂ ಹೆಚ್ಚಿಲ್ಲ. ನಿಮಗಿರೋದು ಒಂದೇ ಕಾಯಿಲೆ, ದುರಸ್ತಿ. ಬೇರೆ ಊರುಗಳಲ್ಲಿ ನೂರು ಖರ್ಚಾಗೋ ಕಡೆ ನಿಮ್ಮಲ್ಲಿ ನೂರ ಎಂಬತ್ತು. ಒಂದು ವರ್ಷ ಅಲ್ಲ, ಹತ್ತೊಂಬತ್ತು ವರ್ಷದಿಂದ.”

“ಅಂದ್ರೆ?” ಎಂದರು ಇಂಜಿನಿಯರು.

“ಅಂದ್ರೆ ನೆಲದ ಕೆಳಗೆ ಇರೋ ಪೈಪೆಲ್ಲ ಕೊಳೆತಿದೆ ಅಂತ. ಅದನ್ನ ಬದಲಾಯಿಸೋ ಶಕ್ತಿ ಮಂಡಳಿಗಿಲ್ಲ. ಮೇಲಿನ ಬಡಾವಣೆಗೆ ಹೊಸ ಲೈನ್ ಹಾಕೋಕೆ ಸಾಲ ಕೇಳಿದೀರಿ. ಈ ಸ್ಥಿತಿಯಲ್ಲಿ ಯಾರೂ ಕೊಡಲ್ಲ. ನನಗೆ ಬೇಜಾರಾಗತ್ತೆ, ಆದ್ರೆ ನಾನು ಡಿ ಬರೀಬೇಕಾಗತ್ತೆ.”

ಕೊಳೆತ ಪೈಪು ಯಾವುದೂ ಇರಲಿಲ್ಲ. ಇದ್ದದ್ದು ನನ್ನ ಕೈಬರಹ. ಮಂಡಳಿಯನ್ನು ಉಳಿಸುತ್ತೇನೆಂದು ವರ್ಷ ವರ್ಷವೂ ನಾನೇ ಕೂತು ಅದಕ್ಕೆ ಕಾಯಿಲೆ ಬರೆದಿದ್ದೆ, ಈಗ ಸಾಹೇಬರು ಅದನ್ನು ನಂಬಿದ್ದರು. ಸಭೆ ಮುಗಿದು ಎಲ್ಲರೂ ಎದ್ದರು.

ಸಂಜೆ ಮಗಳು ಪಂಪ್ ಹೌಸಿನಿಂದ ಬಂದು ಕೈಯ ಗ್ರೀಸು ತೊಳೆಯುತ್ತಿದ್ದಳು. ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಅಂಗಳದಲ್ಲಿ ಪೈಪಿರುವುದು ಅವಳಿಗೆ ಗೊತ್ತಿತ್ತು, ರಿಜಿಸ್ಟರಿನ ವಿಷಯ ಗೊತ್ತಿರಲಿಲ್ಲ.

“ಅಮ್ಮ, ನೀನೇ ಹೋಗಿ ಹೇಳಿದ್ರೆ ಏನಾಗತ್ತೆ?”

“ಸುಳ್ಳು ದಾಖಲೆ ಬರೆದಿದೀನಿ ಕಣೇ. ಕೆಲಸ ಹೋಗಬಹುದು. ಪಿಂಚಣಿನೂ ಹೋಗಬಹುದು.”

“ಹೇಳದೇ ಇದ್ರೆ?”

“ನನ್ನ ಪಿಂಚಣಿ ಒಂದು ಉಳಿಯತ್ತೆ. ನಿನ್ನ ಕೆಲಸ ಹೋಗತ್ತೆ, ಎಲ್ಲರದೂ ಹೋಗತ್ತೆ.”

ಅವಳು ನಲ್ಲಿ ನಿಲ್ಲಿಸಿದಳು. “ನನ್ನ ಫೀಸು ಕಟ್ಟಿದವರು ಯಾರಮ್ಮ?” ಎಂದಳು, ಅಷ್ಟೇ. ಹೆತ್ತ ಮಗಳು ಹೀಗೆ ಒಂದೇ ಮಾತಲ್ಲಿ ಬಾಯಿ ಮುಚ್ಚಿಸುತ್ತಾಳೆ ಎಂದು ಗೊತ್ತಿದ್ದರೆ ಓದಿಸುತ್ತಲೇ ಇರಲಿಲ್ಲ ಎಂದು ಗೊಣಗಿಕೊಂಡು ಒಳಗೆ ಹೋದೆ.

ಮರುದಿನ ಒಂಬತ್ತಕ್ಕೇ ಬೀಗದ ಕೈ ಗೊಂಚಲು ಹಿಡಿದು ಸಾಹೇಬರ ಮೇಜಿನ ಮುಂದೆ ನಿಂತೆ.

“ಸಾರ್, ಬನ್ನಿ, ಹಾವು ತೋರಿಸ್ತೀನಿ.”

ಅವರು ಬಂದರು. ಬಾಗಿಲು ತೆಗೆದೆ. ಕುಡುಗೋಲಿನಿಂದ ಹುಲ್ಲು ಸವರಿ ಮೊದಲ ಸಾಲು ತೋರಿಸಿದೆ, ಎರಡನೆಯದು, ಮೂರನೆಯದು. ನೋಟ್‌ಬುಕ್ ಕೈಗೆ ಕೊಟ್ಟೆ. ಅಲ್ಲೇ ಒಂದು ಗೋಣಿಯ ಗಂಟಿನ ಮೇಲೆ ಕೂತು ಪುಟ ಪುಟ ಓದಿದರು. ಬಿಸಿಲು ಏರಿತು. ಕೊನೆಗೆ ಕೇಳಿದರು:

“ಇದರಲ್ಲಿ ಏನಾದ್ರೂ ಮಾರಿದೀರಾ?”

“ನನ್ನ ಮುಖ ನೋಡಿ ಹಾಗನ್ಸತ್ತಾ?”

“ಮುಖ ನೋಡಿ ಲೆಕ್ಕ ಬರೆಯೋಕಾಗಲ್ಲಮ್ಮ. ಎಣಿಸೋಣ.”

ಎರಡು ದಿನ ಎಣಿಸಿದೆವು. ಎಣಿಸುತ್ತಲೇ ಮಂಡಳಿಯವರು ನನಗೂ ಮಗಳಿಗೂ ಮಾಡಿದ್ದನ್ನು ಹೇಳಿ, ಆ ಋಣಕ್ಕೇ ಇದನ್ನೆಲ್ಲ ಕಾದೆ ಎಂದೆ. ಸಾಹೇಬರ ಬಿಳಿ ಪ್ಯಾಂಟು ಮಂಡಿಯವರೆಗೆ ಹಸಿರಾಯಿತು. ಪೈಪು ಸರಿಯಾಯಿತು, ಬೋಲ್ಟು ತೂಕ ಹಾಕಿದರೆ ಸರಿಯಾಯಿತು, ವಾಲ್ವು ಮಾತ್ರ ಎಂಬತ್ತಾರೇ ಬಂತು. ಮೂರು ಸಲ ಎಣಿಸಿದೆವು, ಎಂಬತ್ತಾರೇ. ಹತ್ತೊಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ಒಂದು ವಾಲ್ವಿನಲ್ಲಿ ಕಳ್ಳಿಯಾಗುವುದೇ? ಮಧ್ಯಾಹ್ನದ ಊಟ ಮುಟ್ಟಲಿಲ್ಲ. ಮೂರು ಗಂಟೆಗೆ ಸಾಹೇಬರು ಬೆನ್ನು ನೆಟ್ಟಗೆ ಮಾಡಲು ಎದ್ದಾಗ ನೋಡಿದರೆ, ನಿನ್ನೆಯಿಂದ ಅವರು ಕೂತಿದ್ದ ಗೋಣಿಯ ಗಂಟಿನೊಳಗಿತ್ತು ಎಂಬತ್ತೇಳನೆಯ ವಾಲ್ವು. ನಕ್ಕು ನಕ್ಕು ಅಲ್ಲೇ ಹುಲ್ಲಿನಲ್ಲಿ ಕುಸಿದೆ. ಅವರೂ ನಕ್ಕರು. ನಗುತ್ತಲೇ ಬಾಟಲಿ ಬಾಯಿಗೆತ್ತಿದರು, ಅದು ಖಾಲಿ. ನಾನು ಸುಮ್ಮನೆ ಅಂಗಳದ ನಲ್ಲಿಯಿಂದ ಒಂದು ಲೋಟ ಹಿಡಿದು ಕೊಟ್ಟೆ. ಒಂದು ಕ್ಷಣ ಲೋಟ ನೋಡಿದರು. ಆಮೇಲೆ ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದರು.

ಆದರೆ ಬೈಗುಳ ತಪ್ಪಲಿಲ್ಲ. ಕೈ ತೊಳೆದುಕೊಂಡು ಬಂದು ಕೇಳಿದರು:

“ಹೋದ ವರ್ಷ ಎರಡು ತಿಂಗಳು ಎಲ್ಲರ ಸಂಬಳ ತಡ ಆಯ್ತಲ್ಲ, ಯಾಕೆ?”

“ಮಂಡಳಿ ಹತ್ರ ಹಣ ಇರ್ಲಿಲ್ಲ ಅಂದ್ರು.”

“ಹಣ ಇತ್ತಮ್ಮ. ಇಲ್ಲಿ, ಈ ಹುಲ್ಲಲ್ಲಿ ಬಿದ್ದಿತ್ತು. ನೀವು ಯಾರ ಋಣ ಅಂತೀರೋ ಅವರ ಸಂಬಳಾನೇ ತಡ ಮಾಡಿದೀರಿ. ಹತ್ತು ವಾಲ್ವು ಸಾಕಿದ್ದ ಕಡೆ ಎಂಬತ್ತೇಳು ಕೂಡಿಟ್ಟಿದೀರಿ.”

ಆ ಎರಡು ತಿಂಗಳು ನಮ್ಮ ಮುಖ್ಯ ಫಿಟ್ಟರ್ ಅಂಗಡಿಯಲ್ಲಿ ಸಾಲ ಹೇಳಿ ಮುಖ ಸಣ್ಣದು ಮಾಡಿಕೊಂಡಿದ್ದು ನನಗೆ ಗೊತ್ತಿತ್ತು. ಅದಕ್ಕೂ ನನ್ನ ಅಂಗಳಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಕಡೆಗೆ ಕಪಾಟಿನ ಹಿಂದಿನ ಬಟ್ಟೆ ತೆಗೆಸಿದರು. “ದೊಡ್ಡ ಕಾಲರ್. ಎಷ್ಟಿದೆ?”

“ಒಂದು. ಅದು ಕೊಡೋದಲ್ಲ ಸಾರ್.”

“ಕೊಡೋದಲ್ಲ ಅಂದ್ರೆ?”

ಮೇಜಿನ ಗಾಜಿನ ಕೆಳಗಿನ ಚೀಟಿ ತೋರಿಸಿದೆ. ಲಾರಿಯ ಕತೆ, ಗುಂಡಿಯ ಕತೆ ಹೇಳಿದೆ. ಅವರು ಎರಡು ಸಾಲಿನ ಆ ಚೀಟಿಯನ್ನು ಬಹಳ ಹೊತ್ತು ಓದಿದರು. ನನಗೆ ಸಮಾಧಾನ ಹೇಳಲಿಲ್ಲ, ಅದಕ್ಕೆ ನಾನು ಇವತ್ತಿಗೂ ಕೃತಜ್ಞಳು. ಹಸಿರು ಪೆನ್ನು ತೆಗೆದು ಪಟ್ಟಿಯಲ್ಲಿ “ಒಂದು” ಎಂದು ಬರೆದುಕೊಂಡರು. “ನೀವು ಹೆದರಿದ್ದು ಸುಳ್ಳಲ್ಲ. ಬರೆದದ್ದು ಸುಳ್ಳು” ಎಂದು ಮಾತ್ರ ಹೇಳಿದರು.

ನಾನೇ ಕೈಯಾರೆ ಹೇಳಿಕೆ ಬರೆದುಕೊಟ್ಟೆ. ಯಾವ ಇಂಜಿನಿಯರಿಗೂ ಗೊತ್ತಿರಲಿಲ್ಲ, ಫಿಟ್ಟರುಗಳು ನನ್ನ ಮಾತು ಕೇಳಿದರು ಅಷ್ಟೇ, ತಪ್ಪು ನನ್ನೊಬ್ಬಳದು ಎಂದು. ಸಾಹೇಬರು ಅಂಗಳದ ಸಾಮಾನನ್ನೆಲ್ಲ ಲೆಕ್ಕಕ್ಕೆ ಸೇರಿಸಿ ಮತ್ತೆ ಕೂಡಿ ಕಳೆದರು. ನೂರ ಎಂಬತ್ತು ಇದ್ದದ್ದು ನೂರ ಆರಕ್ಕೆ ಇಳಿಯಿತು. ಒಂದು ತಿಂಗಳ ಮೇಲೆ ವರದಿ ಬಂತು: ದರ್ಜೆ ಬಿ. ಬಿಲ್ ಕೌಂಟರಿನವರು ಕೂಗಿಕೊಂಡದ್ದು ಸ್ಟೋರಿನವರೆಗೆ ಕೇಳಿಸಿತು. ಮುಖ್ಯ ಫಿಟ್ಟರ್ ಓಡಿ ಬಂದು ನನ್ನ ಮುಂದೆ ನಿಂತು, “ಅಕ್ಕ, ಚಹಾ ಕುಡೀತೀರಾ?” ಎಂದ. “ಹೋದ ವರ್ಷದ ಸಂಬಳ ತಡವಾದದ್ದು ನನ್ನಿಂದ ಕಣಪ್ಪ” ಎಂದೆ. “ಗೊತ್ತು ಬಿಡಿ ಅಕ್ಕ, ಚಹಾಕ್ಕೆ ಸಕ್ಕರೆ ಎಷ್ಟು?” ಎಂದ.

ನನಗೂ ಒಂದು ಕಾಗದ ಬಂತು. ವಿಚಾರಣೆ ಮುಗಿದಿತ್ತು. ಎರಡು ವರ್ಷದ ವೇತನ ಬಡ್ತಿ ಕಡಿತ, ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಎಚ್ಚರಿಕೆ. ಕೆಲಸ, ಪಿಂಚಣಿ ಉಳಿದಿತ್ತು. ದೊಡ್ಡ ಇಂಜಿನಿಯರು ಕಾಗದ ಕೊಡಲು ಸಂಕೋಚಪಡುತ್ತಿದ್ದರು. “ಪೆನ್ನು ಕೊಡಿ ಸಾರ್, ಎಲ್ಲಿ ಸಹಿ?” ಎಂದೆ.

ಅದಾಗಿ ಹತ್ತೇ ದಿನ. ಇಂಜಿನಿಯರು ನನ್ನನ್ನು ಕರೆಸಿ ಇನ್ನೊಂದು ಪತ್ರ ಮುಂದಿಟ್ಟರು. ಕೇಂದ್ರ ಕಚೇರಿಯದು. “ತಮ್ಮಲ್ಲಿ ಹೆಚ್ಚುವರಿ ದಾಸ್ತಾನು ಇರುವುದು ವರದಿಯಿಂದ ಗಮನಕ್ಕೆ ಬಂದಿದೆ. ಸಾಗಣೆಗೆ ಲಾರಿಗಳನ್ನು ಕಳಿಸಲಾಗುವುದು.” ಹೆಚ್ಚು ಕಡಿಮೆ ಅದೇ ಮಾತು, ಹತ್ತೊಂಬತ್ತು ವರ್ಷದ ಹಿಂದಿನದು. ಬಾಯಿ ಬಿಟ್ಟು ಹೇಳಿ ನಾನೇ ಹಾಳು ಮಾಡಿದೆನಲ್ಲ ಎಂದುಕೊಂಡೆ.

“ಕೂತ್ಕೊಳ್ಳಿ ಅಕ್ಕ. ವರದಿಯ ಮೂವತ್ತೊಂದನೇ ಪುಟ ಓದಿದೀರಾ?”

ನಾನೆಲ್ಲಿ ಓದಲಿ, ದರ್ಜೆ ನೋಡಿ ಮುಚ್ಚಿಟ್ಟಿದ್ದೆ. ಇಂಜಿನಿಯರು ಗಟ್ಟಿಯಾಗಿ ಓದಿದರು. ಪೈಪುಗಳ ಮುಕ್ಕಾಲು ಪಾಲು ಮೇಲಿನ ಬಡಾವಣೆಯ ಹೊಸ ಲೈನಿಗೆ ಮೀಸಲು, ಸಾಲದ ಮೊತ್ತ ಅಷ್ಟು ಕಡಿಮೆ. ಉಳಿದದ್ದು ತುರ್ತು ದುರಸ್ತಿಗೆ ಇರಲೇಬೇಕಾದ ಕನಿಷ್ಠ ದಾಸ್ತಾನು. ಇವೆರಡರಲ್ಲಿ ಯಾವುದನ್ನು ಬೇರೆಡೆಗೆ ಸಾಗಿಸಿದರೂ ಈ ದರ್ಜೆ ರದ್ದು, ಹೊಣೆ ಸಾಗಿಸಿದವರದು. ಅದರ ಕೆಳಗೆ ಕನಿಷ್ಠ ದಾಸ್ತಾನಿನ ಪಟ್ಟಿ. ಮೊದಲ ಸಾಲು: ದೊಡ್ಡ ಕಾಲರ್, ಸದಾ ಒಂದು.

ನಾನು ಅತ್ತೆ. ಇಂಜಿನಿಯರ ಕೋಣೆಯಲ್ಲಿ, ಜವಾನನ ಮುಂದೆ, ಸೆರಗು ಬಾಯಿಗೆ ಹಿಡಿದು ಅತ್ತೆ. ಬಾಟಲಿ ನೋಡಿ ಅವರನ್ನು ಬೈದುಕೊಂಡ ಆ ಮೂರು ದಿನ ನೆನಪಾಗಿ ಇನ್ನೂ ಅಳು ಬಂತು. ಒಂದು ಧನ್ಯವಾದವನ್ನೂ ನಾನು ಅವರಿಗೆ ಹೇಳಿರಲಿಲ್ಲ. ಇಂಜಿನಿಯರು ಆ ಪುಟದ ನಕಲು ಇಟ್ಟು ಉತ್ತರ ಬರೆದರು. ಲಾರಿ ಬರಲಿಲ್ಲ.

ಬೇಸಿಗೆ ಬಂತು. ಮೇಲಿನ ಬಡಾವಣೆಗೆ ಹತ್ತಿಹೋಗುವ ತೊಂಬತ್ತು ಮೆಟ್ಟಿಲ ಪಕ್ಕದಲ್ಲಿ ನನ್ನ ಪೈಪುಗಳು ನೆಲಕ್ಕೆ ಇಳಿಯುತ್ತಿದ್ದವು. ಒಂದು ದಿನ ಬೆಳಿಗ್ಗೆ ಆರೂವರೆಗೆ ಮಗಳ ಫೋನು.

“ಅಮ್ಮ, ಪ್ರೆಶರ್ ಬಿತ್ತು. ಪಂಪ್ ನಿಲ್ಲಿಸಿದೀನಿ. ಅದೇ ಜಾಗ.”

ಸ್ಟೋರು ತೆಗೆದು ಕಪಾಟು ಪಕ್ಕಕ್ಕೆ ತಳ್ಳಿ ಬಟ್ಟೆ ಎಳೆದೆ. ಮುಖ್ಯ ಫಿಟ್ಟರ್ ಮೂರು ಜನರೊಂದಿಗೆ ಬಂದವನು ಬಾಗಿಲಲ್ಲೇ ನಿಂತ. ಅವನು ಆ ವರ್ಷ ನನ್ನ ಗಂಡನ ಜೊತೆ ಗುಂಡಿಯಲ್ಲಿದ್ದವನು.

“ಅಕ್ಕ, ಇದನ್ನ ಕೊಡ್ತೀರಾ?”

“ಕೊಡೋಕೆ ತಾನೇ ಇಟ್ಟಿರೋದು. ಮೊದಲು ಗುಂಡಿಯ ಎರಡೂ ಬದಿ ಹಲಗೆ ಹೊಡೀರಿ. ಹಲಗೆ ಇಲ್ಲದೆ ಯಾರಾದ್ರೂ ಇಳಿದ್ರೆ ನಾನೇ ಎಳೆದು ಹಾಕ್ತೀನಿ.”

ಹಲಗೆ ಹೊಡೆದರು. ಇಳಿದರು. ನಾನು ಅಂಚಿನಲ್ಲಿ ನಿಂತು ಬೋಲ್ಟು ಒಂದೊಂದಾಗಿ ಕೈಗೆ ಕೊಟ್ಟೆ. ಹನ್ನೊಂದೂವರೆಗೆ ಎಲ್ಲರೂ ಮೇಲೆ ಬಂದರು, ಇಳಿದವರು ನಾಲ್ವರು, ಬಂದವರು ನಾಲ್ವರು, ನಾನು ಎಣಿಸಿಕೊಂಡೆ. ಮಗಳು ಕಿಟಕಿಯಿಂದ ಕೈ ಬೀಸಿ ಪಂಪ್ ಹಾಕಿದಳು. ಪೈಪು ಒಮ್ಮೆ ನಡುಗಿತು. ಕಾಲರಿನಿಂದ ಒಂದು ಹನಿ ಹೊರಗೆ ಬರಲಿಲ್ಲ. ಊರಿಗೆ ನೀರು ನಿಂತದ್ದು ಐದು ಗಂಟೆ.

ಸ್ಟೋರಿಗೆ ಬಂದು ರಿಜಿಸ್ಟರ್ ತೆಗೆದೆ. ದೊಡ್ಡ ಕಾಲರ್. ಕೊಟ್ಟದ್ದು ಒಂದು. ಉಳಿದದ್ದು ಸೊನ್ನೆ. ನಾಡಿ ಸಾಹೇಬರ ಪಟ್ಟಿಯಂತೆ ಇನ್ನೊಂದನ್ನು ತರಿಸಲು ಇಂಡೆಂಟ್ ಬರೆದೆ. ಅವರ ಕಚೇರಿಗೆ ಒಂದು ಕಾರ್ಡೂ ಬರೆದೆ: “ಕಾಲರ್ ಬಳಕೆಯಾಯಿತು. ಎಲ್ಲರೂ ಕ್ಷೇಮ. ನಿಮ್ಮ ಉಪಕಾರ ಮರೆಯುವುದಿಲ್ಲ.” ಬರೆದು ಓದಿದರೆ ತೀರಾ ಸಾಲದೆನಿಸಿತು. ಆದರೂ ಹಾಗೇ ಅಂಚೆಗೆ ಹಾಕಿದೆ.

ಆಮೇಲೆ ಮೇಜಿನ ಗಾಜು ಎತ್ತಿ ಆ ಹಳೆಯ ಚೀಟಿಯನ್ನು ಹೊರಗೆ ತೆಗೆದೆ. ದೊಡ್ಡ ಕಾಲರ್ ಒಂದು, ತುರ್ತು. ಗಂಡನ ಸಹಿ. ಅದರ ಕೆಳಗೆ, ದಾಸ್ತಾನು ಇಲ್ಲ. ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಇತ್ತು. ಇವತ್ತಿನ ತಾರೀಖು ಹಾಕಿ, “ಕೊಡಲಾಗಿದೆ” ಎಂದು ಬರೆದು, ನನ್ನ ಸಹಿ ಮಾಡಿದೆ.